ಕೂಡಿಸುವ ಕಿಡಿ, ಕೊಯ್ಯುವ ಕಿಡಿ

ಬೆಂಕಿಯಿಂದ ಕಬ್ಬಿಣವನ್ನು ಕೂಡಿಸುವ ವಿದ್ಯೆ ಬಹಳ ಹಳೆಯದು. ಎರಡು ತುಂಡುಗಳನ್ನು ಕುಲುಮೆಯಲ್ಲಿ ಬೆಳ್ಳಗಾಗುವಂತೆ ಕಾಯಿಸಿ, ಅಡಿಗಲ್ಲಿನ ಮೇಲಿಟ್ಟು, ಸುತ್ತಿಗೆಯಿಂದ ಬಡಿದು ಒಂದು ಮಾಡುವುದು ಕಮ್ಮಾರನ ನಿತ್ಯದ ಕೆಲಸವಾಗಿತ್ತು. ಕಾವು ಸಾಕಾಯಿತೇ ಎಂಬುದನ್ನು ಅವನು ಲೋಹದ ಬಣ್ಣವನ್ನು ನೋಡಿಯೇ ತಿಳಿಯುತ್ತಿದ್ದನು. ಇಂದು ಮನೆಯ ಹಿಂದಿನ ಸಣ್ಣ ಕೊಠಡಿಯಲ್ಲಿಯೇ ವೆಲ್ಡಿಂಗ್ ಯಂತ್ರವನ್ನೂ, ಉಕ್ಕಿನ ಹಲಗೆಯನ್ನು ಬೇಕಾದ ಆಕಾರಕ್ಕೆ ಕೊಯ್ಯುವ ಪ್ಲಾಸ್ಮಾ ಮೇಜನ್ನೂ ಇಟ್ಟುಕೊಂಡ ಹವ್ಯಾಸಿಗಳಿದ್ದಾರೆ. ಅವರ ಮುಂದೆ ಅಂಕಿಗಳನ್ನು ತೋರಿಸುವ ಗುಂಡಿಗಳಿವೆ. ಆದರೆ ಗುಂಡಿಯನ್ನು ತಿರುಗಿಸಿದ ಮಾತ್ರಕ್ಕೆ ಕೆಲಸ ಸರಿಹೋಗುವುದಿಲ್ಲ. ಅಂಕಿಯ ಹಿಂದಿರುವ ಕಾರಣವನ್ನು ಅರಿಯದವನ ಬೆಸುಗೆ ನೋಡಲು ಅಂದವಾಗಿದ್ದರೂ ಹೊರೆ ಬಿದ್ದ ದಿನ ಬಿಟ್ಟುಕೊಳ್ಳಬಹುದು; ಅವನ ಮೇಜು ಒಮ್ಮೆಲೇ ಸಿಡಿಯಲೂಬಹುದು. ಆದುದರಿಂದ ಆ ಕಾರಣಗಳನ್ನು ಸ್ವಲ್ಪ ವಿಚಾರಿಸೋಣ.

ಕಿಡಿಯ ಸ್ವರೂಪ

ವಿದ್ಯುತ್ ಹರಿಯುತ್ತಿರುವ ಎರಡು ವಾಹಕಗಳ ತುದಿಗಳನ್ನು ಒಂದಕ್ಕೊಂದು ಮುಟ್ಟಿಸಿ, ಸ್ವಲ್ಪವೇ ದೂರ ಸರಿಸಿದರೆ, ನಡುವಣ ಅನಿಲದಲ್ಲಿ ಕಣ್ಣು ಕೋರೈಸುವ ಬೆಳಕು ಹೊತ್ತಿಕೊಳ್ಳುತ್ತದೆ. ಇದೇ ವಿದ್ಯುಚ್ಚಾಪ, ಕಾರ್ಖಾನೆಯವರ ಮಾತಿನಲ್ಲಿ ಆರ್ಕ್. ಇಲ್ಲಿ ಅನಿಲದ ಪರಮಾಣುಗಳು ತಮ್ಮ ಎಲೆಕ್ಟ್ರಾನುಗಳನ್ನು ಕಳೆದುಕೊಂಡು ಅಯಾನುಗಳಾಗುತ್ತವೆ. ಎಂದಿನಂತೆ ವಿದ್ಯುತ್ತಿಗೆ ಅಡ್ಡಿಯಾಗಿದ್ದ ಅನಿಲವೇ ಆಗ ವಾಹಕವಾಗಿಬಿಡುತ್ತದೆ. ಈ ಸ್ಥಿತಿಯ ಅನಿಲಕ್ಕೆ ‘ಪ್ಲಾಸ್ಮಾ’ ಎಂಬ ಹೆಸರನ್ನು 1928ರಲ್ಲಿ ಬಳಕೆಗೆ ತಂದವನು ಅಮೆರಿಕದ ವಿಜ್ಞಾನಿ ಇರ್ವಿಂಗ್ ಲ್ಯಾಂಗ್‌ಮ್ಯೂರ್. ಹೀಗೆ ನೋಡಿದರೆ ವೆಲ್ಡಿಂಗಿನ ಕಿಡಿಯೂ ಪ್ಲಾಸ್ಮಾ, ಕೊಯ್ಯುವ ಕಿಡಿಯೂ ಪ್ಲಾಸ್ಮಾ. ಮೊದಲನೆಯದು ಲೋಹವನ್ನು ಕರಗಿಸಿ ಅಲ್ಲಿಯೇ ನಿಲ್ಲಿಸುತ್ತದೆ. ಎರಡನೆಯದು ಕರಗಿಸಿ ಊದಿಬಿಡುತ್ತದೆ. ಅಷ್ಟೇ ವ್ಯತ್ಯಾಸ.

ಬೆಸುಗೆಯ ಲೆಕ್ಕ

ಕರಗುವ ಲೋಹದ ಕಡ್ಡಿಯನ್ನೇ ಧ್ರುವವನ್ನಾಗಿ ಮಾಡಿಕೊಂಡು ಬೆಸೆಯುವ ಕ್ರಮವನ್ನು ರಷ್ಯದ ನಿಕೊಲಾಯ್ ಸ್ಲಾವ್ಯಾನೊವ್ 1888ರಲ್ಲಿ ಆಚರಣೆಗೆ ತಂದನು. ನಮ್ಮ ವರ್ಕ್‌ಶಾಪುಗಳಲ್ಲಿ ‘ರಾಡ್’ ಎಂದು ಕರೆಯುವುದು ಆ ಕಡ್ಡಿಯ ವಂಶಜನನ್ನೇ. ಅದರ ಮೇಲಿನ ಲೇಪವು ಸುಟ್ಟು ಅನಿಲವಾಗಿಯೂ ಕಿಟ್ಟವಾಗಿಯೂ ಮಾರ್ಪಟ್ಟು, ಕರಗಿದ ಲೋಹಕ್ಕೆ ಗಾಳಿ ತಗಲದಂತೆ ಕಾಯುತ್ತದೆ.

ಬೆಸೆಯುವವನ ಕೈಯಲ್ಲಿ ಮೂರು ಸಂಗತಿಗಳಿವೆ: ವಿದ್ಯುತ್ತಿನ ಪ್ರಮಾಣ, ಕಿಡಿಯ ಉದ್ದ, ಕೈಯ ವೇಗ. ಮೊದಲನೆಯದನ್ನು ಯಂತ್ರದ ಗುಂಡಿ ನಿರ್ಧರಿಸುತ್ತದೆ. 3.15 ಮಿಲಿಮೀಟರ್ ದಪ್ಪದ ಸಾಮಾನ್ಯ ರಾಡಿಗೆ 90ರಿಂದ 130 ಆಂಪಿಯರ್ ಬೇಕಾಗುವುದು. ಎರಡನೆಯದು ವೋಲ್ಟುಗಳನ್ನು ನಿರ್ಧರಿಸುತ್ತದೆ. ಕಿಡಿ ಉದ್ದವಾದಷ್ಟೂ ವೋಲ್ಟು ಏರುವುದು. ಮೂರನೆಯದನ್ನು ಯಾವ ಗುಂಡಿಯೂ ತೋರಿಸದು.

ಒಂದು ಲೆಕ್ಕವನ್ನು ಮಾಡಿ ನೋಡೋಣ. 110 ಆಂಪಿಯರ್, 24 ವೋಲ್ಟ್ ಇದ್ದಾಗ ಕಿಡಿಯ ಶಕ್ತಿ 2640 ವ್ಯಾಟ್. ಎಂದರೆ ಸೆಕೆಂಡಿಗೆ 2640 ಜೂಲ್. ಕೈ ಸೆಕೆಂಡಿಗೆ 3 ಮಿಲಿಮೀಟರ್ ಸಾಗಿದರೆ ಪ್ರತಿ ಮಿಲಿಮೀಟರಿಗೂ 880 ಜೂಲ್ ದೊರೆಯುತ್ತದೆ. 6 ಮಿಲಿಮೀಟರ್ ಸಾಗಿದರೆ 440 ಮಾತ್ರ. ಇದರಲ್ಲಿಯೂ ಒಂದು ಪಾಲು ಬೆಳಕಾಗಿ, ಬಿಸಿಗಾಳಿಯಾಗಿ ಹೋಗಿಬಿಡುತ್ತದೆ. ಗುಂಡಿಯನ್ನು ಮುಟ್ಟದೆಯೇ ಶಾಖವು ಅರ್ಧಕ್ಕಿಳಿಯಿತೆಂಬುದನ್ನು ಓದುಗರು ಗಮನಿಸಬೇಕು.

ಶಾಖ ಹೆಚ್ಚಾದರೆ ತಗಡು ತೂತಾಗುವುದು, ಇಲ್ಲವೇ ಬೆಸುಗೆಯ ಅಂಚಿನಲ್ಲಿ ಹಳ್ಳ ಬೀಳುವುದು. ಈ ದೋಷ ಕಣ್ಣಿಗೆ ಕಾಣುತ್ತದೆ. ಕಡಮೆಯಾದಾಗ ಒದಗುವ ದೋಷವಾದರೋ ಮರೆಯಲ್ಲಿರುವುದು. ರಾಡಿನ ಲೋಹವು ತಣ್ಣನೆಯ ಕಾಗದದ ಮೇಲೆ ತೊಟ್ಟಿಕ್ಕಿದ ಅರಗಿನಂತೆ ಹಲಗೆಯ ಮೇಲೆ ಕುಳಿತಿರುತ್ತದೆ. ಹಲಗೆಯ ಲೋಹ ಕರಗಿ ಅದರೊಡನೆ ಬೆರೆತಿರುವುದಿಲ್ಲ. ಮೇಲಿನ ಏಣು ಮಾತ್ರ ಉಬ್ಬಿಕೊಂಡು ಸೊಗಸಾಗಿ ತೋರುತ್ತದೆ. ಕೂರುವ ಬೆಂಚಾಗಲಿ, ಗಾಡಿಯ ಕೊಂಡಿಯಾಗಲಿ ಇಂಥ ಬೆಸುಗೆಯನ್ನು ನಂಬಿದರೆ ಕೆಟ್ಟಿತು.

ಇದಕ್ಕೆ ಸುಲಭವಾದ ಪರೀಕ್ಷೆಯೊಂದಿದೆ. ನಿಜವಾದ ಕೆಲಸಕ್ಕೆ ಮುಂಚೆ ಅದೇ ದಪ್ಪದ ಎರಡು ತುಂಡುಗಳನ್ನು ಒಂದರ ಮೇಲೊಂದು ನೆಟ್ಟಗೆ ನಿಲ್ಲಿಸಿ, ಒಂದೇ ಪಕ್ಕದಲ್ಲಿ ಬೆಸೆಯಬೇಕು. ತಣಿದ ಮೇಲೆ ನಿಂತ ತುಂಡನ್ನು ಬೆಸುಗೆಯ ಪಕ್ಕಕ್ಕೆ ಬೀಳುವಂತೆ ಸುತ್ತಿಗೆಯಿಂದ ಬಡಿದು ಬಗ್ಗಿಸಬೇಕು. ಆಗ ಬೆಸುಗೆಯ ಬುಡ ತೆರೆದುಕೊಳ್ಳುತ್ತದೆ. ಬುಡದಲ್ಲಿ ತುಂಡಿನ ಮೊದಲಿನ ಅಂಚು ಕರಗದೆ ಗೆರೆಯಂತೆ ಉಳಿದಿದ್ದರೆ ಶಾಖ ಸಾಲದೆಂದು ಅರ್ಥ. ಲೋಹ ಹರಿದುಬರದೆ ಬಾಗಿಕೊಂಡರೆ ಆ ಅಂಕಿಯನ್ನೂ ಆ ವೇಗವನ್ನೂ ನಂಬಬಹುದು.

ಕೊಯ್ಯುವ ಕಿಡಿ

ಅದೇ ಕಿಡಿಯನ್ನು ತಾಮ್ರದ ನಾಜಲಿನ ಸುಮಾರು ಒಂದು ಮಿಲಿಮೀಟರ್ ರಂಧ್ರದ ಮೂಲಕ ಒತ್ತಿ ಹಾಯಿಸಿದರೆ ಅದು ಕಿರಿದಾಗಿ, ಉಷ್ಣತೆ 20,000 ಡಿಗ್ರಿಗಳ ಆಸುಪಾಸಿಗೆ ಏರುತ್ತದೆ. ಉಕ್ಕು ಕರಗಲು ಸುಮಾರು 1500 ಡಿಗ್ರಿ ಸಾಕು. ಹೀಗೆ ಅದುಮಿದ ಕಿಡಿಯನ್ನು ಪಡೆಯುವ ಕ್ರಮಕ್ಕೆ 1957ರಲ್ಲಿ ಅಮೆರಿಕದ ರಾಬರ್ಟ್ ಗೇಜ್ ಎಂಬಾತನಿಗೆ ಪೇಟೆಂಟ್ ದೊರೆಯಿತು.

ನಾಜಲಿನೊಳಗಿನ ಎಲೆಕ್ಟ್ರೋಡಿನ ತುದಿಯಲ್ಲಿ ಹಾಫ್ನಿಯಂ ಎಂಬ ಲೋಹದ ಚಿಕ್ಕ ಬೊಟ್ಟು ಇರುತ್ತದೆ. ಟಂಗ್‌ಸ್ಟನ್ 3400 ಡಿಗ್ರಿಗೂ ಮೇಲೆ ಕರಗುವುದು; ಹಾಫ್ನಿಯಂ ಸುಮಾರು 2230ರಲ್ಲಿಯೇ ಕರಗುವುದು. ಹಾಗಿದ್ದೂ ಗಾಳಿಯಿಂದ ಕೊಯ್ಯುವ ಟಾರ್ಚಿನಲ್ಲಿ ಹಾಫ್ನಿಯಂ ಏಕೆ? ಕಾದ ಟಂಗ್‌ಸ್ಟನ್ ಆಮ್ಲಜನಕದೊಡನೆ ಕೂಡಿ ಆಗುವ ಆಕ್ಸೈಡು ಆವಿಯಾಗಿ ಹಾರಿಹೋಗುತ್ತದೆ. ಹಾಫ್ನಿಯಮಿನ ಆಕ್ಸೈಡಾದರೋ ಸ್ಥಳದಲ್ಲಿಯೇ ನಿಂತು ಎಲೆಕ್ಟ್ರಾನುಗಳನ್ನು ಹೊರಸೂಸುತ್ತದೆ. ಆದರೂ ಪ್ರತಿ ಬಾರಿ ಕಿಡಿ ಹೊತ್ತಿ ಆರಿದಾಗ ಅದು ತುಸು ಸವೆಯುತ್ತದೆ. ಗುಳಿ ಸುಮಾರು ಒಂದೂವರೆ ಮಿಲಿಮೀಟರ್ ಆಳವಾದರೆ ಎಲೆಕ್ಟ್ರೋಡನ್ನು ಬದಲಿಸತಕ್ಕದ್ದು.

ಈ ಗುಳಿಯಿಂದ ಮತ್ತೊಂದು ತೊಡಕುಂಟು. ಮೇಜಿನ ಯಂತ್ರವು ಟಾರ್ಚಿನ ಎತ್ತರವನ್ನು ಕಿಡಿಯ ವೋಲ್ಟುಗಳಿಂದ ಊಹಿಸುತ್ತದೆ. ಗುಳಿ ಆಳವಾದಂತೆ ಕಿಡಿಯು ಒಳಗಿನಿಂದಲೇ ಉದ್ದವಾಗಿ ವೋಲ್ಟು ಏರುವುದು. ಯಂತ್ರವು ‘ನಾನು ಎತ್ತರದಲ್ಲಿದ್ದೇನೆ’ ಎಂದು ಭ್ರಮಿಸಿ ಟಾರ್ಚನ್ನು ತಗ್ಗಿಸುತ್ತದೆ. ನಾಜಲು ಹಲಗೆಯನ್ನು ಸವರಿ ಕೆಡುತ್ತದೆ. ಅಂಕಿ ನಿನ್ನೆಯದೇ; ಅದರ ಅರ್ಥ ಮಾತ್ರ ಬದಲಾಗಿದೆ.

ಕೊಯ್ತದ ವೇಗವನ್ನು ಹಲಗೆಯ ಕೆಳಗಂಟಿದ ಕಿಟ್ಟವೇ ಹೇಳುತ್ತದೆ. ದಪ್ಪನಾಗಿ, ತೂತುತೂತಾಗಿ, ಬಡಿದರೆ ಉದುರಿಬೀಳುವ ಕಿಟ್ಟವು ವೇಗ ಕಡಮೆಯಾದುದರ ಗುರುತು. ಸಣ್ಣಗೆ, ಗಟ್ಟಿಯಾಗಿ, ಅರೆದರೂ ಹೋಗಲೊಲ್ಲದ ಏಣು ವೇಗ ಮಿತಿಮೀರಿದುದರ ಗುರುತು.

ಗಾಳಿಯೊಳಗಿನ ನೀರು

ಎಲೆಕ್ಟ್ರೋಡನ್ನು ಬೇಗನೆ ಕೆಡಿಸುವ ಶತ್ರು ಒದ್ದೆ ಗಾಳಿ. ಮಳೆಗಾಲದ ಮಂಗಳೂರಿನ ಗಾಳಿಯನ್ನು ತೆಗೆದುಕೊಳ್ಳಿ. 30 ಡಿಗ್ರಿ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿಯು ಹೆಚ್ಚೆಂದರೆ 30 ಗ್ರಾಂ ನೀರಾವಿಯನ್ನು ಹಿಡಿಯಬಲ್ಲುದು. ತೇವಾಂಶ ನೂರಕ್ಕೆ 80 ಇದ್ದರೆ ಅದರಲ್ಲಿ 24 ಗ್ರಾಂ ಇರುವುದು. ಕಂಪ್ರೆಸರಿನ ಮಾಪಕವು 7 ಬಾರ್ ತೋರಿಸುವಾಗ ಈ ಗಾಳಿ ಎಂಟರಲ್ಲಿ ಒಂದು ಪಾಲಿಗೆ ಕುಗ್ಗಿರುತ್ತದೆ. ತಣಿದ ಮೇಲೆ ಅಷ್ಟು ಜಾಗದಲ್ಲಿ 4 ಗ್ರಾಮಿಗಿಂತ ಹೆಚ್ಚು ಆವಿ ನಿಲ್ಲಲಾರದು. ಉಳಿದ 20 ಗ್ರಾಂ ನೀರಾಗಿ ಇಳಿಯುತ್ತದೆ. ಸಣ್ಣ ಟಾರ್ಚೊಂದು ನಿಮಿಷಕ್ಕೆ 170 ಲೀಟರ್ ಗಾಳಿ ಬಳಸಿದರೆ ಒಂದು ಗಂಟೆಗೆ 10 ಘನ ಮೀಟರ್ ಆಯಿತು. ನೀರು 200 ಗ್ರಾಂ, ಎಂದರೆ ಒಂದು ಲೋಟ! ಕಂಪ್ರೆಸರಿನ ತಳದ ತಿರುಪನ್ನು ದಿನವೂ ಬಿಚ್ಚಿ ನೀರನ್ನು ಬಸಿಯುವುದೂ, ಗಾಳಿಯನ್ನು ಒಣಗಿಸುವ ಸಾಧನವನ್ನು ಜೋಡಿಸುವುದೂ ಏಕೆ ಅಗತ್ಯವೆಂಬುದು ಇದರಿಂದ ತಿಳಿಯುತ್ತದೆ.

ಮೇಜಿನ ಕೆಳಗಿನ ಅಪಾಯ

ಹಲಗೆಯನ್ನು ಹೊರುವ ಉಕ್ಕಿನ ಪಟ್ಟಿಗಳು ತಾವೂ ಅಷ್ಟಷ್ಟೇ ಕೊಯ್ದುಹೋಗುತ್ತವೆ. ಅವುಗಳ ಮೇಲೆ ಕಿಟ್ಟ ಬೆಳೆದು ಹಲಗೆ ಓರೆಯಾಗುತ್ತದೆ. ಆಗಾಗ ಕಿಟ್ಟವನ್ನು ಕೆರೆದು, ಸವೆದ ಪಟ್ಟಿಗಳನ್ನು ಬದಲಿಸಬೇಕು. ಪಟ್ಟಿಗಳ ಕೆಳಗೆ ನೀರಿನ ತೊಟ್ಟಿಯಿದ್ದರೆ ಹೊಗೆಯೂ ದೂಳೂ ಬಹುಮಟ್ಟಿಗೆ ಅದರಲ್ಲಿ ಅಡಗುತ್ತವೆ. ಸ್ಟೇನ್‌ಲೆಸ್ ಉಕ್ಕನ್ನು ಕೊಯ್ದಾಗ ಕ್ರೋಮಿಯಮಿನ ವಿಷಕರ ಸಂಯುಕ್ತಗಳು ಹುಟ್ಟುವುದರಿಂದ, ತೊಟ್ಟಿಯ ಕೆಸರನ್ನು ಚರಂಡಿಗಾಗಲಿ ತೋಟಕ್ಕಾಗಲಿ ಚೆಲ್ಲಕೂಡದು.

ಎಲ್ಲಕ್ಕಿಂತ ಎಚ್ಚರಿಕೆ ಬೇಕಾದುದು ಅಲ್ಯುಮಿನಿಯಮಿನ ವಿಷಯದಲ್ಲಿ. ಅದರ ಕಾದ ಕಣಗಳು ನೀರಿಗೆ ಬಿದ್ದಾಗ ನೀರಿನ ಆಮ್ಲಜನಕವನ್ನು ಸೆಳೆದುಕೊಂಡು ಜಲಜನಕವನ್ನು ಬಿಡುತ್ತವೆ. 54 ಗ್ರಾಂ ಅಲ್ಯುಮಿನಿಯಂ ಪೂರ್ಣವಾಗಿ ವರ್ತಿಸಿದರೆ 6 ಗ್ರಾಂ ಜಲಜನಕ, ಎಂದರೆ 70 ಲೀಟರಿಗೂ ಮಿಕ್ಕ ಅನಿಲ, ಹೊರಬರುತ್ತದೆ. ಕೊಯ್ತ ಮುಗಿದ ಮೇಲೆಯೂ ತಳದ ದೂಳು ಗುಳ್ಳೆಗಳನ್ನು ಬಿಡುತ್ತಲೇ ಇರುವುದುಂಟು. ದೊಡ್ಡ ಹಲಗೆಯೊಂದು ಮೇಲೆ ಮುಚ್ಚಿಕೊಂಡಿದ್ದರೆ ಅನಿಲವು ಅದರಡಿಯಲ್ಲಿ ಸೇರುತ್ತದೆ. ಗಾಳಿಯಲ್ಲಿ ಜಲಜನಕವು ನೂರಕ್ಕೆ 4ರಿಂದ 75 ಪಾಲು ಇದ್ದರೆ ಒಂದೇ ಕಿಡಿಗೆ ಹೊತ್ತಿಕೊಳ್ಳುವುದು. ಮೇಜಿನ ಮೇಲೆ ಕಿಡಿಗೇನು ಕೊರತೆ? ಆದುದರಿಂದ ಅಲ್ಯುಮಿನಿಯಂ ಕೊಯ್ಯುವವರು ತೊಟ್ಟಿಯ ತಳದಲ್ಲಿ ಕೊಳವೆಗಳನ್ನಿಟ್ಟು ಗಾಳಿಯ ಗುಳ್ಳೆಗಳನ್ನು ಹಾಯಿಸಿ ಜಲಜನಕವನ್ನು ಚದುರಿಸಬೇಕು. ಕೆಸರನ್ನು ತಪ್ಪದೆ ತೆಗೆಯಬೇಕು. ರಾತ್ರಿಯಿಡೀ ಹಲಗೆಯನ್ನು ತೊಟ್ಟಿಯ ಮೇಲೆ ಬಿಟ್ಟುಹೋಗಬಾರದು. ಈ ಏರ್ಪಾಡುಗಳಿಲ್ಲದ ಮೇಜಿನಲ್ಲಿ ಅಲ್ಯುಮಿನಿಯಮನ್ನು ಕೊಯ್ಯದಿರುವುದೇ ಮೇಲು.

ಆಂಪಿಯರ್, ವೋಲ್ಟ್, ಜೂಲ್, ನೀರಾವಿ, ಜಲಜನಕ — ಇವೆಲ್ಲ ವಿದ್ಯಾರ್ಥಿಗಳು ಪಠ್ಯಪುಸ್ತಕದಲ್ಲಿ ಓದಿದ ಮಾತುಗಳೇ. ವರ್ಕ್‌ಶಾಪಿನಲ್ಲಿ ಅವು ಪರೀಕ್ಷೆಯ ಅಂಕಗಳನ್ನಲ್ಲ, ಕಣ್ಣನ್ನೂ ಕೈಯನ್ನೂ ಕಾಯುತ್ತವೆ.