ಬಣ್ಣ ಬೇರೆ, ಬಲ ಬೇರೆ

ಚಳಿಗಾಲಕ್ಕೆಂದು ಕಪ್ಪುಬಣ್ಣದ, ಬಲವಾದ ಬಿಯರನ್ನು ಮನೆಯಲ್ಲಿಯೇ ತಯಾರಿಸುವ ಹವ್ಯಾಸ ಇಂಗ್ಲೆಂಡಿನಲ್ಲಿ ಇಂದಿಗೂ ಇದೆ. ಸ್ವಂತ ಬಳಕೆಯ ತಯಾರಿಕೆಗೆ ಬೇಕಾಗಿದ್ದ ಪರವಾನಗಿಯನ್ನು ಅಲ್ಲಿನ ಸರ್ಕಾರ 1963ರಲ್ಲಿ ತೆಗೆದುಹಾಕಿತು. ತಮಿಳುನಾಡಿನಲ್ಲಿ 1937ರ ಮದ್ಯನಿಷೇಧ ಕಾಯಿದೆಯಂತೆ ಅದೇ ಕೆಲಸ ಅಪರಾಧ. ಆದರೆ ಆ ಪಾಕಸೂತ್ರದ ಹಿಂದಿರುವ ಲೆಕ್ಕವೂ ಧಾನ್ಯದ ಗುಣವೂ ಹೊಸೂರು, ತಾಳವಾಡಿಗಳಲ್ಲಿ ರಾಗಿಯನ್ನು ಮೊಳಕೆ ಕಟ್ಟುವ ಮನೆಗಳಿಗೂ ತಿಳಿದಿರಬೇಕಾದವು.

ನೋಡುವವರಿಗೆ ಕಪ್ಪಾದುದೆಲ್ಲ ಬಲವಾದುದೆಂದು ತೋರುತ್ತದೆ. ಸೂತ್ರ ರಚಿಸುವವರು ಮೊದಲು ಬಿಡುವುದು ಈ ಭ್ರಮೆಯನ್ನೇ. ಬಲ ಬರುವುದು ಸಕ್ಕರೆಯಿಂದ, ಬಣ್ಣ ಬರುವುದು ಹುರಿತದಿಂದ. ಎರಡಕ್ಕೂ ಬೇರೆಬೇರೆ ಧಾನ್ಯ ಬೇಕು.

ಮೊದಲು ಬಲದ ಲೆಕ್ಕ. ನೀರಿನ ಸಾಪೇಕ್ಷ ಸಾಂದ್ರತೆಯನ್ನು 1.000 ಎಂದಿಟ್ಟುಕೊಂಡರೆ, ಬಲವಾದ ಬಿಯರಿಗೆ ಬೇಕಾದ ಸಿಹಿರಸದ ಸಾಂದ್ರತೆ ಸುಮಾರು 1.090. ಹೆಚ್ಚಿದ ಪ್ರತಿ ಸಾವಿರದ ಒಂದು ಪಾಲನ್ನು ಒಂದು ಅಂಶವೆಂದು ಎಣಿಸಿದರೆ ಲೀಟರಿಗೆ 90 ಅಂಶ, 20 ಲೀಟರಿಗೆ 1800 ಅಂಶ. ಜವೆಗೋಧಿಯನ್ನು ಮೊಳಕೆಯೊಡೆಸಿ ಹದವಾಗಿ ಒಣಗಿಸಿದರೆ ತಿಳಿಬಣ್ಣದ ಮಾಲ್ಟ್ ಸಿದ್ಧವಾಗುತ್ತದೆ. ಅದರ ಒಂದು ಕಿಲೋದಿಂದ ಮನೆಯ ಪಾತ್ರೆಗಳಲ್ಲಿ ಸುಮಾರು 210 ಅಂಶ ದೊರೆಯುತ್ತದೆ. ಭಾಗಿಸಿದರೆ ಬೇಕಾಗುವ ಧಾನ್ಯ ಎಂಟೂವರೆ ಕಿಲೋ. ಇದರಲ್ಲಿ ಕಪ್ಪಾಗುವಂತೆ ಹುರಿದ ಮಾಲ್ಟ್ ಕೇವಲ 400 ಗ್ರಾಂನಷ್ಟು. ಇಡೀ ಪಾನೀಯವನ್ನು ಕಪ್ಪಾಗಿಸಲು ಅಷ್ಟು ಸಾಕು. ಅದು ಹೆಚ್ಚಿದರೆ ಬಲ ಹೆಚ್ಚದು, ಸುಟ್ಟ ಕಹಿ ಹೆಚ್ಚೀತು. ಸಿಹಿಯನ್ನು ಸರಿದೂಗಿಸುವ ಕಹಿಗೆ ಹಾಪ್ಸ್ ಹೂವನ್ನು ಒಂದು ಗಂಟೆ ಕುದಿಸುತ್ತಾರೆ.

ಬಳಿಕ ಯೀಸ್ಟಿನ ಸರದಿ. ಅದು 100 ಗ್ರಾಂ ಗ್ಲೂಕೋಸನ್ನು ಸುಮಾರು 51 ಗ್ರಾಂ ಮದ್ಯಸಾರವಾಗಿಯೂ 49 ಗ್ರಾಂ ಇಂಗಾಲದ ಡೈಆಕ್ಸೈಡ್ ಆಗಿಯೂ ಒಡೆಯುತ್ತದೆ. ಸಾಂದ್ರತೆ 1.024ಕ್ಕೆ ಇಳಿದು ನಿಂತರೆ ಮದ್ಯಸಾರ ಶೇಕಡಾ ಎಂಟೂವರೆಯ ಆಸುಪಾಸಿನಲ್ಲಿರುತ್ತದೆ. ಸಾಂದ್ರತೆ ಇಳಿಯುತ್ತಿರುವಾಗಲೇ ಶೀಶೆಗೆ ತುಂಬಿ ಮುಚ್ಚಿದರೆ ಒಳಗಿನ ಅನಿಲಕ್ಕೆ ಗಾಜು ಸಿಡಿಯಬಹುದು. ಆದ್ದರಿಂದ ಇಲ್ಲಿ ಕಣ್ಣಳತೆ ಸಲ್ಲದು, ಹೈಡ್ರೋಮೀಟರಿನ ಅಳತೆಯೇ ಬೇಕು.

ಈ ಉಪಕರಣವೇ ಲಂಡನ್ನಿನ ಕಪ್ಪು ಬಿಯರಿನ ಚರಿತ್ರೆಯನ್ನೂ ತಿರುಗಿಸಿತು. ಹದಿನೆಂಟನೆಯ ಶತಮಾನದಲ್ಲಿ ಪೋರ್ಟರ್ ಎಂಬ ಬಿಯರನ್ನು ಕಂದು ಮಾಲ್ಟಿನಿಂದಲೇ ಮಾಡುತ್ತಿದ್ದರು. 1784ರಲ್ಲಿ ಜಾನ್ ರಿಚರ್ಡ್‌ಸನ್ ಎಂಬ ತಯಾರಕ ಈ ಮಾಪಕದ ಬಳಕೆಯನ್ನು ವಿವರಿಸಿ ಪುಸ್ತಕ ಪ್ರಕಟಿಸಿದ. ಅಳೆದು ನೋಡಿದಾಗ ಕಂದು ಮಾಲ್ಟಿಗಿಂತ ತಿಳಿ ಮಾಲ್ಟಿನಲ್ಲಿ ಸಕ್ಕರೆ ಹೆಚ್ಚು ದೊರೆಯುವುದು ಖಚಿತವಾಯಿತು. ತಯಾರಕರು ತಿಳಿ ಮಾಲ್ಟಿನತ್ತ ಹೊರಳಿದರು. ಆಗ ಬಣ್ಣ ಮಾಸಿತು. ಅದನ್ನು ತುಂಬಿಸಲು ಸುಟ್ಟ ಸಕ್ಕರೆಯಂಥ ಪದಾರ್ಥಗಳನ್ನು ಬೆರೆಸಲಾಗುತ್ತಿತ್ತು. 1816ರ ಕಾನೂನು ಅಂಥ ಬೆರಕೆಯನ್ನು ನಿಷೇಧಿಸಿತು. ಮರುವರ್ಷವೇ ಡೇನಿಯಲ್ ವೀಲರ್, ಕಾಫಿಬೀಜದಂತೆ ಮಾಲ್ಟನ್ನು ತಿರುಗುವ ಉರುಳೆಯಲ್ಲಿ 200 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಉಷ್ಣದಲ್ಲಿ ಹುರಿಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಅಂದಿನಿಂದ ಬಲಕ್ಕೊಂದು ಮಾಲ್ಟ್, ಬಣ್ಣಕ್ಕೊಂದು ಮಾಲ್ಟ್ ಎಂಬ ಕ್ರಮ ನೆಲೆಗೊಂಡಿತು.

ಇದರ ಕಾರಣ ಕಾಳಿನೊಳಗೇ ಇದೆ. ಮೊಳಕೆಯೊಡೆಯುವಾಗ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹೆಚ್ಚುತ್ತದೆ. ಸುಮಾರು 65 ಡಿಗ್ರಿಯ ಬಿಸಿನೀರಿನಲ್ಲಿ ಅದು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆ. ಹದವಾದ ಕಾವಿನಲ್ಲಿ ಒಣಗಿಸಿದರೆ ಕಿಣ್ವ ಉಳಿಯುತ್ತದೆ, ಕಪ್ಪಾಗುವಂತೆ ಹುರಿದರೆ ಪೂರ್ತಿ ನಾಶವಾಗುತ್ತದೆ.

ಮೊಳಕೆ ಕಟ್ಟಿದ ರಾಗಿಗೂ ಇದೇ ನಿಯಮ. ಘಮಘಮಿಸಲೆಂದು ಅದನ್ನು ಕೆಂಪಗೆ ಹುರಿದು ಹಿಟ್ಟು ಮಾಡಿದರೆ ಪರಿಮಳವೇನೋ ದಕ್ಕುತ್ತದೆ, ಆದರೆ ಕಿಣ್ವ ಅಳಿಯುತ್ತದೆ. ಅಂಥ ಹಿಟ್ಟಿನಿಂದ ಮಾಡಿದ ಮಗುವಿನ ರಾಗಿ ಸರಿ ಬೇಗ ಗಟ್ಟಿಯಾಗುತ್ತದೆ. ತೆಳ್ಳಗಾಗಿಸಲು ನೀರು ಸುರಿದರೆ ಪುಟ್ಟ ಹೊಟ್ಟೆ ನೀರಿನಿಂದಲೇ ತುಂಬಿ, ಸಲ್ಲಬೇಕಾದ ಆಹಾರ ಕಡಿಮೆಯಾಗುತ್ತದೆ. ಮೊಳಕೆಯ ರಾಗಿಯನ್ನು ಚೆನ್ನಾಗಿ ಒಣಗಿಸಿ, ಬಣ್ಣ ತಿರುಗದಷ್ಟು ಮಾತ್ರ ಬೆಚ್ಚಗೆ ಮಾಡಿ ಬೀಸಿಟ್ಟುಕೊಳ್ಳುವುದು ಲೇಸು. ಗಟ್ಟಿಯಾಗಿ ಬೇಯಿಸಿದ ಸರಿಯನ್ನು ಒಲೆಯಿಂದ ಇಳಿಸಿ, ಕುದಿ ಅಡಗಿದ ಮೇಲೆ ಆ ಹಿಟ್ಟನ್ನು ಒಂದು ಚಮಚ ಕಲಸಿದರೆ ಕೆಲವೇ ನಿಮಿಷಗಳಲ್ಲಿ ನೀರು ಬೆರೆಸದೆಯೇ ಸರಿ ತೆಳುವಾಗುತ್ತದೆ. ಮಗುವಿಗೆ ಉಣಿಸುವ ಮುನ್ನ ಅದನ್ನು ಮತ್ತೊಮ್ಮೆ ಕುದಿಸಿ, ಆರಿಸಿ ಕೊಡಬೇಕು.