ದಾದಿ, ಸಿಸ್ಟರು, ಶುಶ್ರೂಷಾಧಿಕಾರಿ

‘ಆಸ್ಪತ್ರೆ’ ಎಂಬ ಮಾತು ಕನ್ನಡದಲ್ಲಿ ಎಷ್ಟು ಬೇರೂರಿದೆಯೆಂದರೆ, ಅದು ಕಡಲು ದಾಟಿ ಬಂದದ್ದೆಂದು ತರಗತಿಯಲ್ಲಿ ಹೇಳಿದರೆ ವಿದ್ಯಾರ್ಥಿಗಳು ನಂಬಲು ಹಿಂಜರಿಯುತ್ತಾರೆ. ಅತಿಥಿಯೆಂಬ ಅರ್ಥದ ಲ್ಯಾಟಿನ್ ಪದದಿಂದ ಹೊರಟು, ಯೂರೋಪಿನ ಭಾಷೆಗಳನ್ನು ಹಾದು, ನಮ್ಮ ನಾಲಗೆಗೆ ಒಗ್ಗುವಂತೆ ತಿರುಗಿಕೊಂಡು, ಕೊನೆಗೆ ಸಂಸ್ಕೃತದ ಮುಖವನ್ನೂ ತಳೆದು ಕುಳಿತಿದೆ. ಕಟ್ಟಡದ ಹೆಸರಿನ ವಿಷಯದಲ್ಲಿ ಇಷ್ಟು ಸಲೀಸಾಗಿ ನಡೆದ ಕೆಲಸ ಅದರೊಳಗೆ ದುಡಿಯುವವರ ಹೆಸರುಗಳಲ್ಲಿ ಮಾತ್ರ ನಡೆಯಲಿಲ್ಲ.

‘ದಾದಿ’ಯನ್ನೇ ನೋಡಿ. ಇದು ಸಂಸ್ಕೃತದ ‘ಧಾತ್ರೀ’ ಶಬ್ದದ ತದ್ಭವ. ಹಾಲೂಡಿಸಿ ಸಾಕುವವಳೆಂಬುದು ಮೂಲಾರ್ಥ. ಭೂಮಿಗೂ ನೆಲ್ಲಿಗೂ ಇದೇ ಹೆಸರು ಸಂದಿರುವುದನ್ನು ಕಂಡರೆ ಇದೆಂಥ ಗೌರವದ ಮಾತಾಗಿತ್ತೆಂಬುದು ತಿಳಿದೀತು. ಇಂಗ್ಲಿಷಿನ ‘ನರ್ಸ್’ ಕೂಡ ಪೋಷಿಸುವುದೆಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದದ್ದೇ; ಅದೂ ಮೊದಲಿಗೆ ಮೊಲೆಯೂಡಿಸುವವಳ ಹೆಸರೇ. ದೂರದ ಎರಡು ನಾಡುಗಳು ಒಂದನ್ನೊಂದು ಕೇಳದೆ ಒಂದೇ ದಾರಿಯಲ್ಲಿ ನಡೆದಿದ್ದವು. ಆದರೆ 1860ರಲ್ಲಿ ಫ್ಲಾರೆನ್ಸ್ ನೈಟಿಂಗೇಲಳ ತರಬೇತಿ ಶಾಲೆ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ತೆರೆದ ಬಳಿಕ ‘ನರ್ಸ್’ ಎಂಬ ಮಾತು ವಿದ್ಯೆಯ ಕೈಹಿಡಿದು ಮೇಲೇರಿತು. ದಾದಿ ಸಿರಿವಂತರ ಮನೆಯ ಊಳಿಗದ ಕೋಣೆಯಲ್ಲಿಯೇ ಉಳಿದಳು. ಇಂದು ನರ್ಸೊಬ್ಬರನ್ನು ದಾದಿಯೆಂದರೆ ಅವರ ಮುಖ ಸಣ್ಣದಾಗುವುದು ಇದರಿಂದಲೇ. ಪತ್ರಿಕೆಗಳು ಮಾತ್ರ, ತಲೆಬರಹದಲ್ಲಿ ಜಾಗ ಸಾಲದೆಂದೋ ಏನೋ, ಅದನ್ನು ಬಿಟ್ಟುಕೊಟ್ಟಿಲ್ಲ.

‘ಆಯಾ’ ಪೋರ್ಚುಗೀಸರು ಬಿಟ್ಟುಹೋದ ಮಾತು. ‘ಸಿಸ್ಟರ್’ ಕ್ರೈಸ್ತ ಸಂನ್ಯಾಸಿನಿಯರ ಸೇವಾಪರಂಪರೆಯಿಂದ ಬಂದದ್ದು. ಇಂಗ್ಲೆಂಡಿನಲ್ಲಿ ಅದು ವಾರ್ಡಿನ ಹೊಣೆ ಹೊತ್ತವಳ ಪದವಿ. ಮೇಟ್ರನ್ನಿನ ಮೂಲದಲ್ಲಿ ತಾಯಿಯೇ ಇದ್ದಾಳೆ. ತಾಯಿ, ಸೋದರಿ ಎಂದು ಮನೆಯ ನಂಟನ್ನೇ ಆಸ್ಪತ್ರೆಗೆ ಹಬ್ಬಿಸಿದ ಈ ಕ್ರಮ ಸೊಗಸಾದದ್ದೇ. ಆದರೆ ನಂಟಿನ ಹೆಸರಿಟ್ಟು ಕರೆಯುವಲ್ಲಿ ಯಾರ ಕೆಲಸ ಯಾವುದೆಂಬುದು ಮರೆಯಾಗುವ ಅಪಾಯವೂ ಉಂಟು.

ಕೆಲವು ವರ್ಷಗಳ ಹಿಂದೆ ನನ್ನ ತಾಯಿಯವರು ಸೊಂಟದ ಮೂಳೆ ಮುರಿದು ಎರಡು ವಾರ ಆಸ್ಪತ್ರೆಯಲ್ಲಿದ್ದರು. ಪಕ್ಕದ ಹಾಸಿಗೆಯ ಮುದುಕಿಯ ಜೊತೆಗೆ ಆಕೆಯ ಗಂಡ, ಒಬ್ಬ ವೃದ್ಧ ಒಕ್ಕಲಿಗ. ಆತನಿಗೆ ಕಸ ಗುಡಿಸುವವಳೂ, ರಕ್ತ ತೆಗೆಯಲು ಬರುವವಳೂ, ನರ್ಸಿಂಗ್ ವಿದ್ಯಾರ್ಥಿನಿಯೂ ಎಲ್ಲರೂ ‘ಸಿಸ್ಟರಮ್ಮ’. ಸಿಸ್ಟರಿನ ಮೇಲೊಂದು ಅಮ್ಮ! ಒಂದು ಸಂಜೆ ಮುದುಕಿಯ ಡ್ರಿಪ್ಪಿನ ಬಾಟಲಿ ಬರಿದಾಗಿ ಕೊಳವೆಯಲ್ಲಿ ರಕ್ತ ಹಿಂದಕ್ಕೇರತೊಡಗಿತು. ಆತ ಗಾಬರಿಯಿಂದ, ನೆಲ ಒರೆಸುತ್ತಿದ್ದ ಆಯಾಳನ್ನು ಕೂಗಿದ.

“ನಾನು ಅದನ್ನ ಮುಟ್ಟೋ ಹಾಗಿಲ್ಲ ತಾತ, ಸಿಸ್ಟರಿಗೆ ಹೇಳಿ.”

“ಹಂಗಾರೆ ನೀನ್ಯಾರವ್ವ?”

ಆಕೆ ಹೇಳಿದ್ದು ನಿಯಮಕ್ಕೆ ಸರಿಯಾಗಿಯೇ ಇತ್ತು. ಅದು ಪಾಳಿ ಬದಲಾಗುವ ಹೊತ್ತು. ಹೊರಡುವವರು ಬರುವವರಿಗೆ ಹಾಸಿಗೆ ಹಾಸಿಗೆಗೂ ನಿಂತು ರೋಗಿಯ ವಿವರ ಒಪ್ಪಿಸುತ್ತ ವಾರ್ಡಿನ ಆ ಕೊನೆಯಲ್ಲಿದ್ದರು. ನಾನು ಓಡಿಹೋಗಿ ಕರೆತಂದೆ. ಬಂದವರು ಕ್ಷಣದಲ್ಲಿ ಸರಿಪಡಿಸಿದರು. ನಲವತ್ತು ಹಾಸಿಗೆಯ ಆ ವಾರ್ಡಿಗೆ ರಾತ್ರಿಯ ಪಾಳಿಯಲ್ಲಿ ಇಬ್ಬರೇ ನರ್ಸುಗಳು. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡವಾದರೋ ಬೋಧನಾಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ 3 ರೋಗಿಗಳಿಗೆ ಒಬ್ಬರು, ಇತರೆಡೆ 5 ಮಂದಿಗೆ ಒಬ್ಬರು ಎನ್ನುತ್ತದೆ.

‘ಶುಶ್ರೂಷೆ’ಯ ಮೂಲ ‘ಶ್ರು’ ಧಾತು. ಕೇಳಬೇಕೆಂಬ ಇಚ್ಛೆ ಎಂಬುದೇ ಅದರ ಮೊದಲ ಅರ್ಥ. ಗುರುವಿನ ಮಾತಿಗೆ ಕಿವಿಗೊಡುವುದರಿಂದ ಆರಂಭವಾಗಿ ಸೇವೆಗೆ ವಿಸ್ತರಿಸಿ ರೋಗಿಯ ಹಾಸಿಗೆಯ ಬಳಿಗೆ ಬಂತು. ಇಪ್ಪತ್ತು ಹಾಸಿಗೆಗಳ ನರಳಾಟವನ್ನು ಒಬ್ಬರೇ ಕೇಳಿಸಿಕೊಳ್ಳುವುದೆಂತು? ಚರಕಸಂಹಿತೆಯು ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳ ಮೇಲೆ ಚಿಕಿತ್ಸೆಯನ್ನು ನಿಲ್ಲಿಸುತ್ತದೆ. ಪರಿಚಾರಕನಿಗೆ ಉಪಚಾರಜ್ಞಾನ, ದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿತ್ವ ಇವನ್ನು ವಿಧಿಸುತ್ತದೆ. ಅಲ್ಲಿ ಈ ಪದ ಪುಲ್ಲಿಂಗದಲ್ಲಿದೆ ಎಂಬುದನ್ನು, ಗಂಡು ನರ್ಸನ್ನು ಕಂಡು ನಗುವವರು ಗಮನಿಸಬೇಕು. ಪಾಪ, ಆತನಿಗೆ ನಾವು ಕೊಟ್ಟಿರುವ ಹೆಸರು ‘ಬ್ರದರ್’, ಅದೂ ಸಿಸ್ಟರಿನ ನೆರಳಾಗಿ.

ಈಚೆಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಶುಶ್ರೂಷಾಧಿಕಾರಿ’ ಎಂಬ ಪದನಾಮ ಬಂದಿದೆ. ಉದ್ದವಾಯಿತೆಂದು ನನ್ನ ಮಿತ್ರರೊಬ್ಬರು ಮೂಗು ಮುರಿದರು. ನನಗದು ಒಪ್ಪಿಗೆ. ಲಿಂಗಭೇದವಿಲ್ಲದ ಹೆಸರು, ಮೇಲಾಗಿ ನಮ್ಮ ಶಾಸ್ತ್ರಗಳಲ್ಲಿ ಅಧಿಕಾರಿಯೆಂದರೆ ದರ್ಪದವನಲ್ಲ, ಅರ್ಹತೆಯುಳ್ಳವನು. ಮೂರು ವರ್ಷದ ಡಿಪ್ಲೊಮ, ನಾಲ್ಕು ವರ್ಷದ ಪದವಿ ಓದಿ ಬಂದವರಿಗೆ ಅದು ಸಲ್ಲತಕ್ಕದ್ದೇ. ವಾರ್ಡಿನಲ್ಲಿ ಯಾರೂ ಹಾಗೆ ಕೂಗಿ ಕರೆಯಲಾರರೆಂಬುದು ಬೇರೆ ಮಾತು. ಔಷಧಿ ಕಲಸುತ್ತಿದ್ದ ಕಾಂಪೌಂಡರು ಗುಳಿಗೆಗಳು ಕಟ್ಟಾಗಿ ಬರತೊಡಗಿದ ಮೇಲೆ ಮರೆಯಾದರು. 2005ರ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಬಂದ ‘ಆಶಾ’ ಇಂಗ್ಲಿಷಿನ ಮೊದಲಕ್ಷರಗಳನ್ನು ಪೋಣಿಸಿ ಮಾಡಿದ್ದಾದರೂ ಹಳ್ಳಿಯವರಿಗೆ ಅದು ತಮ್ಮದೇ ಮಾತು.

ಅಚ್ಚಗನ್ನಡದ ಹೆಸರೊಂದು ಈ ಬಳಗದಲ್ಲಿ ಇಲ್ಲದಿಲ್ಲ. ಸೂಲು ಎಂದರೆ ಹೆರಿಗೆ. ಒಕ್ಕಲಗಿತ್ತಿ, ಮದವಣಗಿತ್ತಿಗಳಲ್ಲಿರುವ ‘ಗಿತ್ತಿ’ ಸೇರಿ ಸೂಲಗಿತ್ತಿ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮನವರು ಓದುಬರಹ ಅರಿಯದೆಯೂ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಪ್ರಶಸ್ತಿಯ ಪಟ್ಟಿಯಲ್ಲಿ ಅವರ ಹೆಸರನ್ನು ‘ಸೂಲಗಿತ್ತಿ ನರಸಮ್ಮ’ ಎಂದೇ ಬರೆದಿದ್ದರು.