ಬಾಗಿಲ ಕೆಳಗಿನ ತಗಡು

ಬ್ರಿಟನ್ನಿನ ಹಳೆಯ ಎಂಜಿಬಿ ಸ್ಪೋರ್ಟ್ಸ್ ಕಾರನ್ನು ಕೊಳ್ಳಲು ಹೊರಟ ತಿಳಿದವರು ಮೊದಲು ಬಾನೆಟ್ ಎತ್ತುವುದಿಲ್ಲ. ಬಾಗಿಲು ತೆರೆದು ಮುಚ್ಚಿ, ಅದರ ಸುತ್ತಲಿನ ಸಂದು ನೋಡುತ್ತಾರೆ. ಹಿಂದಿನ ಅಂಚಿನ ಸಂದು ಮೇಲ್ಗಡೆ ಕಿರಿದಾಗಿದ್ದರೆ ಕಾರಿನ ನಡು ಜಗ್ಗಿದೆ ಎಂದೇ ಲೆಕ್ಕ. ಎಂಜಿನ್ ಎಷ್ಟೇ ಚೆನ್ನಾಗಿರಲಿ, ನಿಜವಾದ ಖರ್ಚು ಆ ಸಂದಿನ ಕೆಳಗೆ ಕಾದಿರುತ್ತದೆ.

ಎಂಜಿಬಿ ರಸ್ತೆಗಿಳಿದದ್ದು 1962ರಲ್ಲಿ. ಆಕ್ಸ್‌ಫರ್ಡ್ ಬಳಿಯ ಆಬಿಂಗ್ಡನ್ ಕಾರ್ಖಾನೆ 1980ರಲ್ಲಿ ಬಾಗಿಲು ಹಾಕುವ ಹೊತ್ತಿಗೆ ಐದು ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾಗಿದ್ದವು. ಅದರ ಹಿಂದಿನ ಎಂಜಿಎಗೆ ಪ್ರತ್ಯೇಕ ಚಾಸಿ ಇತ್ತು. ಎಂಜಿಬಿಯಲ್ಲಿ ಬಾಡಿಯೇ ಚಾಸಿ. ತೆರೆದ ಮಾದರಿಗೆ ಮೇಲೆ ಉಕ್ಕಿನ ಚಾವಣಿಯೂ ಇಲ್ಲ. ಮುಚ್ಚಳ ತೆಗೆದ ರಟ್ಟಿನ ಪೆಟ್ಟಿಗೆಯ ಹಾಗೆ ಅದು ಸುಲಭವಾಗಿ ತಿರುಚಿಕೊಳ್ಳುತ್ತದೆ. ಹಾಗಾಗದಂತೆ ತಡೆಯುವುದು ನಡುವಿನ ಸುರಂಗ, ಸೀಟಿನಡಿಯ ಅಡ್ಡತೊಲೆ ಮತ್ತು ಮುಖ್ಯವಾಗಿ ಎರಡೂ ಬಾಗಿಲುಗಳ ಕೆಳಗೆ ಹಾಯುವ ಟೊಳ್ಳು ತೊಲೆಗಳಾದ ಸಿಲ್‌ಗಳು. ಹೊರತಗಡು, ಒಳತಗಡು, ಇವೆರಡರ ನಡುವೆ ನೆಟ್ಟಗೆ ನಿಂತ ಮತ್ತೊಂದು ತಗಡು, ಅಡಿಯಲ್ಲಿ ನೆಲದ ಹಾಳೆಯನ್ನು ಹಿಡಿದ ‘ಕ್ಯಾಸಲ್ ರೈಲ್’ ಎಂಬ ಮಡಿಕೆಪಟ್ಟಿ. ಎಲ್ಲವೂ ಸುಮಾರು ಒಂದು ಮಿಲಿಮೀಟರ್ ದಪ್ಪದವು. ಕಾರಿನ ಗಟ್ಟಿತನ ಇರುವುದು ಅವುಗಳ ಬೆಸುಗೆಯಲ್ಲಿ.

ಬ್ರಿಟನ್ನಿನಲ್ಲಿ ಚಳಿಗಾಲದ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಮುಂದಿನ ಚಕ್ರ ಎರಚಿದ ಉಪ್ಪುಕೆಸರು ಮಡ್‌ಗಾರ್ಡಿನ ಒಳಮೂಲೆಯಲ್ಲಿ ಕೂತು, ಸಿಲ್‌ನೊಳಗೆ ಇಳಿದು, ಒಳಗಿನಿಂದಲೇ ತಗಡನ್ನು ತಿನ್ನುತ್ತದೆ. ಹೊರಗೆ ಬಣ್ಣದ ಮೇಲೆ ಗುಳ್ಳೆ ಏಳುವ ಹೊತ್ತಿಗೆ ನಡುತಗಡು ಜರಡಿಯಾಗಿರುತ್ತದೆ. ಜಾಕಿ ಕೊಟ್ಟರೆ ಕಾರು ಏಳುವುದಿಲ್ಲ, ಜಾಕಿಯೇ ಒಳಗೆ ತೂರುತ್ತದೆ.

ಇಲ್ಲಿ ಮೋಸಕ್ಕೂ ದಾರಿಯಿದೆ. ಕೊಳೆತ ಸಿಲ್‌ನ ಮೇಲೆ ಹೊಸ ತಗಡು ಹೊದಿಸಿ, ಸಂದಿಗೆ ಪುಟ್ಟಿ ಮೆತ್ತಿ, ಬಣ್ಣ ಹೊಡೆದರೆ ಕೊಳ್ಳುವವನ ಕಣ್ಣಿಗೆ ಏನೂ ಕಾಣದು. ಒಳಗಿನ ತುಕ್ಕು ಮಾತ್ರ ಹಸಿಯಾಗಿಯೇ ಬೆಳೆಯುತ್ತಿರುತ್ತದೆ. ಪಕ್ಕದಿಂದ ಡಿಕ್ಕಿಯಾದರೆ ಕೂತವರನ್ನು ಕಾಯಬೇಕಾದ ಭಾಗ ಇದು. ಇಂಥ ಕೆಲಸಕ್ಕೆ ರಿಪೇರಿ ಎಂಬ ಹೆಸರೇ ಸಲ್ಲದು.

ಒಳ್ಳೆಯ ಟಿಂಕರಿಂಗ್ ಕೆಲಸಗಾರ ಗ್ರೈಂಡರ್ ಮುಟ್ಟುವ ಮೊದಲು ಅಳತೆಪಟ್ಟಿ ಹಿಡಿಯುತ್ತಾನೆ. ಕಾರನ್ನು ಸಮತಟ್ಟಾಗಿ ನಿಲ್ಲಿಸಿ, ಜಗ್ಗಿದ್ದರೆ ಮೊದಲು ಸರಿಪಡಿಸಿ, ಬಾಗಿಲ ಜಾಗಕ್ಕೆ ಅಡ್ಡವಾಗಿ ಉಕ್ಕಿನ ಸಲಾಕೆ ಬಿಗಿಯುತ್ತಾನೆ. ಏಕೆಂದರೆ ಸಿಲ್ ಕತ್ತರಿಸಿದೊಡನೆ ಬಾಡಿ ಮಡಿಚಿಕೊಳ್ಳಲು ನೋಡುತ್ತದೆ. ಆ ಸ್ಥಿತಿಯಲ್ಲಿ ಹೊಸ ತಗಡು ಬೆಸೆದರೆ ವಕ್ರತೆ ಶಾಶ್ವತವಾಗುತ್ತದೆ. ಒಂದು ಬದಿ ಪೂರ್ತಿ ಮುಗಿಯದೆ ಇನ್ನೊಂದನ್ನು ಮುಟ್ಟುವಂತಿಲ್ಲ. ಸಿಲ್‌ನ ಎರಡೂ ತುದಿಗಳು ಮಡ್‌ಗಾರ್ಡುಗಳ ಹಿಂದೆ ಅಡಗಿರುವುದರಿಂದ ಅವುಗಳ ಕೆಳಭಾಗವನ್ನೂ ಕತ್ತರಿಸಬೇಕು. ಈ ಶ್ರಮ ಬೇಡವೆಂದು ತುದಿ ಬಿಟ್ಟು ನಡುವನ್ನಷ್ಟೇ ಬದಲಿಸುವವರಿದ್ದಾರೆ. ಹಾಗೆ ಹಾಕಿದ ಹೊಸ ಸಿಲ್‌ನ ಎರಡೂ ಕೊನೆಗಳು ಕೊಳೆತ ತಗಡನ್ನೇ ಆತುಕೊಂಡಿರುತ್ತವೆ.

ಹಳೆಯ ಸ್ಪಾಟ್ ವೆಲ್ಡ್‌ಗಳನ್ನು ಒಂದೊಂದಾಗಿ ಕೊರೆದು ಬಿಡಿಸಿ, ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸುತ್ತಾರೆ. ಒಳಭಾಗ, ನೆಲ, ಅಡ್ಡತೊಲೆ ಮೊದಲು, ಹೊರಸಿಲ್ ಕೊನೆಗೆ. ಹೊಸ ತಗಡಿನ ಅಂಚಿನಲ್ಲಿ ಸಾಲಾಗಿ ರಂಧ್ರ ಮಾಡಿ, ಮಿಗ್ ವೆಲ್ಡಿಂಗ್‌ನಿಂದ ತುಂಬುತ್ತಾರೆ. ಒಂದೇ ಕಡೆ ಎಡೆಬಿಡದೆ ಬೆಸೆದರೆ ತೆಳುತಗಡು ಕಾದು ಸೊಟ್ಟಗಾಗುತ್ತದೆ. ಆದ್ದರಿಂದ ಇಲ್ಲೊಂದು, ದೂರದಲ್ಲಿ ಇನ್ನೊಂದು. ಪೂರ್ತಿ ಬೆಸೆಯುವ ಮೊದಲು ಬಾಗಿಲನ್ನು ಮತ್ತೆ ಮತ್ತೆ ತೂಗುಹಾಕಿ ಸಂದು ಪರೀಕ್ಷಿಸುವ ತಾಳ್ಮೆಯೇ ಈ ಕಸುಬಿನ ಅರ್ಧಭಾಗ.

ಬಿಡಿತಗಡು ಸಿಗುವುದು ಎಂಜಿಬಿಯ ಭಾಗ್ಯ. ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆ 1988ರಲ್ಲಿ ಮೂಲ ಅಚ್ಚುಗಳನ್ನೇ ಬಳಸಿ ಇಡೀ ಬಾಡಿಶೆಲ್ ಮಾಡಿಕೊಡಲು ಶುರುಮಾಡಿತು. ತುಕ್ಕು ಎಲ್ಲೆಡೆ ಹಬ್ಬಿದ ಕಾರಿಗೆ ಅದೇ ಲೇಸು. ನೆಲವಷ್ಟೇ ಕೆಟ್ಟಿದ್ದರೆ ಹಳೆಯ ದೇಹವನ್ನೇ ಉಳಿಸಿಕೊಳ್ಳುವುದು ಮೇಲು ಎನ್ನುವುದು ನನ್ನ ನಿಲುವು.

2018ರಿಂದ ಬ್ರಿಟನ್ನಿನಲ್ಲಿ ನಲವತ್ತು ವರ್ಷ ದಾಟಿದ, ಹೆಚ್ಚು ಬದಲಾವಣೆ ಕಾಣದ ಕಾರುಗಳಿಗೆ ವಾರ್ಷಿಕ ಎಂಒಟಿ ತಪಾಸಣೆ ಕಡ್ಡಾಯವಲ್ಲ. ಹಾಗಾಗಿ ಕಾರಿನಡಿ ಮಲಗಿ ನೋಡುವ ಹೊಣೆ ಈಗ ಮಾಲೀಕರದೇ. ರಿಪೇರಿಯಾದ ಮೇಲೆ ಸಿಲ್‌ನ ಟೊಳ್ಳಿಗೆ ಮೇಣ ಸಿಂಪಡಿಸಬೇಕು, ಕೆಲವು ವರ್ಷಗಳಿಗೊಮ್ಮೆ ಅದನ್ನು ಮತ್ತೆ ಮಾಡಬೇಕು. ಅಡಿಯಲ್ಲಿ ನೀರು ಹರಿಯುವ ಸಣ್ಣ ಕಿಂಡಿಗಳು ಮೇಣದಿಂದಲೋ ಕೆಸರಿನಿಂದಲೋ ಮುಚ್ಚಿಹೋಗದಂತೆ ತಂತಿ ಆಡಿಸಿ ತೆರೆದಿಡಬೇಕು.